ಮುಚ್ಚಿದ ಲ್ಯಾಬಿನ ಲ್ಯಾಪ್‌ಟಾಪ್

ಲೋಹಿತಾ ಮದುವೆಯಾಗಿ ಮಧುಗಿರಿಗೆ ಬಂದು ನಾಲ್ಕು ವರ್ಷ. ಬೆಂಗಳೂರಿನಲ್ಲಿ ಓದಿದವಳಾದರೂ, ಮಗ ಸೀನಿದರೆ ಸಾಕು ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲೇ ಕೂತು ಟೈಪಿಂಗ್ ಮಾಡಲೆಂದು ಗಂಡ ಪ್ರಭುದೇವ್ ಶಿರಾದಿಂದ ಹಳೆಯ ಲ್ಯಾಪ್‌ಟಾಪ್ ತಂದಿದ್ದ. "ಯಾವ್ದೋ ಮುಚ್ಚೋಗಿರೋ ರಕ್ತಪರೀಕ್ಷೆ ಲ್ಯಾಬಿಂದಂತೆ. ಜನಗಳ ರಿಪೋರ್ಟೆಲ್ಲ ಹಂಗೇ ಅವೆ. ಅಳಿಸ್ಕೊಂಡು ಬರ್ಲಾ?" ಎಂದು ಕೇಳಿದ್ದ.

"ನಾನೇ ಅಳಿಸ್ತೀನಿ ಬಿಡಿ," ಎಂದಳು. ಅಳಿಸಲಿಲ್ಲ.

ಆ ವಾರವೇ ಮಗನ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ, ಒಂಬತ್ತೂವರೆ ಬಂತು. ಡಾಕ್ಟರು ಟಾನಿಕ್ ಬರೆದುಕೊಟ್ಟರೂ ಸಮಾಧಾನವಿಲ್ಲ. ಬೇರೆ ಮಕ್ಕಳಿಗೆ ಎಷ್ಟಿರುತ್ತದೋ ನೋಡೋಣವೆಂದು ಒಂದು ರಿಪೋರ್ಟು ತೆರೆದಳು. ಹೊಳವನಹಳ್ಳಿಯ ಯಾವುದೋ ಕೂಸಿಗೆ ಎಂಟು. ಹಾಯೆನಿಸಿತು; ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಇನ್ನೊಂದು ತೆರೆದಳು, ಮತ್ತೊಂದು ತೆರೆದಳು. ಹಾಗೆ ಸಿಕ್ಕಿದ್ದು ಪಕ್ಕದ ಮನೆ ಮಧುಶ್ರೀಯ ಮಗಳು ರಕ್ಷಾಳ ಹೆಸರು. ಮೂರು ವರ್ಷದ ಹಿಂದಿನದು. ಟಿ.ಬಿ. ಇದೆ ಎಂದಿತ್ತು.

ದಿನಾ ಸಂಜೆ ತನ್ನ ಮಗನ ಜೊತೆ ಒಂದೇ ತಟ್ಟೆಯಲ್ಲಿ ಕಡಲೆಪುರಿ ತಿನ್ನುವ ರಕ್ಷಾ!

ಮಾರನೆಯ ದಿನದಿಂದ ಆ ಹುಡುಗಿ ಬಾಗಿಲಿಗೆ ಬಂದರೆ "ಪಾಪು ಮಲಗಿದೆ ಪುಟ್ಟಿ" ಎಂದು ಕಳಿಸತೊಡಗಿದಳು. ಒಳಗಿನಿಂದ ಮಗನ ನಗು ಕೇಳುತ್ತಿರುತ್ತಿತ್ತು. ರಕ್ಷಾ ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೋಗುತ್ತಿದ್ದಳು.

ಐದನೆಯ ದಿನ ಮಧುಶ್ರೀಯೇ ಮಗಳ ಕೈ ಹಿಡಿದು ಬಂದಳು. "ಏನಮ್ಮ ಲೋಹಿತಾ, ನಿನ್ ಮಗ ಏನು ಕುಂಭಕರ್ಣನ? ಯಾವಾಗ್ ನೋಡಿದ್ರೂ ಮಲ್ಗೇ ಇರ್ತಾನೆ!" ಲೋಹಿತಾ ನಗಲಿಲ್ಲ. ಮಧುಶ್ರೀ ದನಿ ತಗ್ಗಿಸಿದಳು. "ನಮ್ಮುಡ್ಗಿ ಏನಾರ ಒಡೆದಾಕಿದ್ರೆ ಹೇಳ್ಬುಡು ಕಣಮ್ಮ. ನಾನೇನ್ ಮಾಡ್ದೆ ಅಂತ ಊಟ ಬಿಟ್ಟು ಕುಂತವ್ಳೆ."

ನಾಲಿಗೆಯ ತುದಿಗೆ ಬಂದಿದ್ದ ಸುಳ್ಳು ರಕ್ಷಾಳ ಮುಖ ನೋಡಿ ಹೊರಡಲಿಲ್ಲ. ಮಕ್ಕಳಿಬ್ಬರನ್ನೂ ಒಳಕೋಣೆಗೆ ಕಳಿಸಿ ಲೋಹಿತಾ ಎಲ್ಲ ಹೇಳಿಬಿಟ್ಟಳು.

"ಆರು ತಿಂಗ್ಳು ಮಾತ್ರೆ ನುಂಗ್ಸಿದೀನಿ," ಎಂದಳು ಮಧುಶ್ರೀ. "ಪೂರ್ತಿ ವಾಸಿಯಾಗೈತೆ ಅಂತ ಡಾಕ್ಟ್ರೇ ಅಂದವ್ರೆ. ಹೆಣ್ಮಗು ಅಂತ ನಮ್ಮತ್ತೆಗೂ ಹೇಳಿರ್ಲಿಲ್ಲ. ನಿಂಗೆ ಭಯ ಆಯ್ತು, ಸರಿ. ನನ್ನೇ ಕೇಳ್ಬೋದಿತ್ತಲ್ಲ?"

"ತಪ್ಪಾಯ್ತು ಅಕ್ಕ. ಈಗ್ಲೇ ಅಳಿಸ್ತೀನಿ."

"ನಮ್ದೊಂದೇ ಅಲ್ಲ, ಎಲ್ರುದೂ ಅಳ್ಸು. ಇಲ್ಲೇ ಕುಂತಿರ್ತೀನಿ."

ಅಳಿಸಿದಳು. ಮಧುಶ್ರೀ ಏಳುತ್ತ ಕೇಳಿದಳು: "ಯಾರ್ಗಾರ ಹೇಳಿದೀಯ?"

ಲೋಹಿತಾ ತಲೆ ತಗ್ಗಿಸಿದಳು. "ಅವತ್ತೇ... ಹೆದರಿಕೆಗೆ... ನಮ್ಮತ್ತೆಗೆ."

ಲೋಹಿತಾಳ ಅತ್ತೆ ಸಿದ್ದಗಂಗಮ್ಮ ಆ ಹೊತ್ತಿಗೆ ಪಕ್ಕದ ಮನೆಯ ಜಗಲಿಯಲ್ಲಿ ಮಧುಶ್ರೀಯ ಅತ್ತೆ ಅಶ್ವತ್ಥಮ್ಮನ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು. ಮಧುಶ್ರೀ ಓಡಿದಳು. ಲೋಹಿತಾ ಹಿಂದೆಯೇ ಹೋದಳು. ಅಶ್ವತ್ಥಮ್ಮ ಆಗಲೇ ಎದ್ದು ನಿಂತಿದ್ದಳು.

"ನಾನೇನ್ ಬೇಕಂತ ಅಂದ್ನಾ?" ಎನ್ನುತ್ತಿದ್ದಳು ಸಿದ್ದಗಂಗಮ್ಮ. "ಮಧು ಮಗೀನ ಕರ್ಕೊಂಡು ನಮ್ಮನೆ ಒಳಕ್ಕೋದ್ಲಲ್ಲ, ಆ ಟೀಬಿ ಮಾತು ಬಾಯಿಗ್ ಬಂದ್ಬುಡ್ತು."

"ಮಗೀಗೆ ಏನಾಗಿತ್ತೇ ಮಧು?" ಅಶ್ವತ್ಥಮ್ಮ ಸೊಸೆಯನ್ನು ಕೇಳಿದಳು. "ಊರಿಗೆಲ್ಲ ಗೊತ್ತು, ನಂಗೆ ಮಾತ್ರ ಇಲ್ವಾ?"

"ಅಜ್ಜಿ, ಮೊದ್ಲು ನನ್ನ ಬೈರಿ. ಇಣುಕಿ ನೋಡಿದ್ದು ನಾನು," ಎಂದಳು ಲೋಹಿತಾ ಅಶ್ವತ್ಥಮ್ಮನಿಗೆ.

ಯಾರೂ ಅವಳ ಕಡೆ ತಿರುಗಲಿಲ್ಲ.