ಮನಿತನ ಚೊಕ್ಕ ಐತ್ರಿ

ಪದ್ಮಾ, ನಿನ್ನ ಕಣ್ಣು ಕೆಡಿಸಿದವಳು ನಾನು. ಎಲ್ಲರೂ ಲೇಸರನ್ನು ಬೈದರು, ಡಾಕ್ಟರನ್ನು ಬೈದರು, ನಿನ್ನ ಹಣೆಬರಹವನ್ನೂ ಬೈದರು. ನಾನೂ ಅವರ ಜೊತೆ ಕೂತು ಬೈದೆ — ನಿನ್ನ ಅಪ್ಪನ ಒಡಹುಟ್ಟಿದ ತಂಗಿ, ನಿನ್ನ ಸೋದರತ್ತೆ! ನೆನೆಸಿಕೊಂಡರೆ ನನ್ನ ಮುಖಕ್ಕೆ ನಾನೇ ಉಗುಳಬೇಕೆನಿಸುತ್ತದೆ.

ನಿನ್ನ ರೋಗ ನನಗೂ ಇದೆ. ಗೋಕಾಕದಲ್ಲಿ ಕಾಲೇಜು ಓದುವಾಗಲೇ ಗೊತ್ತಾಗಿತ್ತು — ಕರಿಗುಡ್ಡೆಯ ಮೇಲಿನ ಗಾಜಿನಂಥ ಪರದೆ ತೆಳುವಾಗುತ್ತ ಮುಂದಕ್ಕೆ ಉಬ್ಬುವ ರೋಗ. "ಹೊರಗ ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದರು ನಮ್ಮಪ್ಪ. ನಾನು ಬಾಯಿ ಬಿಡಲಿಲ್ಲ. ಹುಕ್ಕೇರಿಗೆ ಸೊಸೆಯಾಗಿ ಬಂದೆ. ಬರೀ ಚಷ್ಮಾದ ನಂಬರ್ ಅಂತ ಎಲ್ಲರೂ ತಿಳಿದರು. ಎಡಗಣ್ಣಿಗೆ ಏನೂ ನೆಟ್ಟಗೆ ಕಾಣದಿದ್ದರೂ ಬಲಗಣ್ಣಿನಲ್ಲೇ ಅಕ್ಕಿ ಆರಿಸಿದೆ, ಸಂಸಾರ ಮಾಡಿದೆ.

ಆಮೇಲೆ ನನ್ನ ನೆಗೆಣ್ಣಿ — ಭಾವನ ಹೆಂಡತಿ — ತನ್ನ ಮಗನಿಗೆ ನಿನ್ನನ್ನು ಕೇಳಿದಳು. ಮೂಡಲಗಿಯಲ್ಲಿ ನಿಮ್ಮ ಮನೆಯ ಉಪ್ಪಿಟ್ಟು ತಿಂದು ಅವಳು ಆಡಿದ ಮಾತು: "ಹುಡುಗಿ ಬಂಗಾರದಂಗ ಅದಾಳ. ಚಷ್ಮಾ ಒಂದ ತಗೀಸ್ರಿ." ತೆಗೆಸಬೇಕಂತೆ — ಮೂಗುತಿ ತೆಗೆಸಿದ ಹಾಗೆ! ಚಷ್ಮಾ ಬಿಡಿಸುವ ಲೇಸರ್ ಆಗ ನಮ್ಮ ಕಡೆ ಹೊಸದು. ಅಣ್ಣ ಹೂಂ ಅಂದ. "ಚಷ್ಮಾ ಇದ್ರ ಇರ್ಲಿ ಬಿಡ್ರಿ," ಅಂದೆ ನೀನು. ನಿನ್ನ ಮಾತು ಯಾರು ಕೇಳಿದರು?

ನಿನ್ನನ್ನು ದವಾಖಾನೆಗೆ ಕರೆದೊಯ್ದವಳು ನಾನು. ನೆಗೆಣ್ಣಿಯೂ ಬೆನ್ನು ಹತ್ತಿದಳು. ಡಾಕ್ಟರು ನಿನ್ನ ಕಣ್ಣನ್ನು ಯಂತ್ರದಲ್ಲಿ ತಿರುತಿರುಗಿ ನೋಡಿದರು. "ಪರದೆ ತೆಳು ಅನಸಾಕತ್ತೈತ್ರಿ. ನಿಮ್ಮ ಮನಿತನದಾಗ ಯಾರಿಗಾದ್ರೂ ಇದು ಉಬ್ಬೋ ರೋಗ ಐತೇನು? ಇದ್ರ ಖರೇ ಹೇಳ್ರಿ. ಲೇಸರ್ ಅಂದ್ರ ಈ ಪರದೆನ ಕೆರಿಯೋದು — ಅಂಥವ್ರಿಗೆ ಮಾಡಿದ್ರ ಕಣ್ಣು ಕೆಡ್ತಾವ."

ಮನಿತನ! ಹೆಣ್ಣು ನೋಡಲು ಬಂದವರು ಕೇಳುವ ಮಾತದು. ಅದಕ್ಕೆ ನಮ್ಮಲ್ಲಿ ಉತ್ತರ ಒಂದೇ, ಹುಟ್ಟಿದಾಗಿನಿಂದ ಬಾಯಿಪಾಠ. "ನಮ್ಮ ಮನಿತನ ಚೊಕ್ಕ ಐತ್ರಿ. ಯಾರಿಗೂ ಏನೂ ಇಲ್ಲ," ಅಂದುಬಿಟ್ಟೆ. ಬಾಜೂ ಕುರ್ಚಿಯಲ್ಲಿ ನೆಗೆಣ್ಣಿ ಕೂತಿದ್ದಳು. ಒಳಗೊಂದು ಹೊಲಸು ಲೆಕ್ಕವನ್ನೂ ಹಾಕಿದ್ದೆ — ನಾನು ಹುಕ್ಕೇರಿಗೆ ಕೊಟ್ಟ ಹೆಣ್ಣು, ಮೂಡಲಗಿಯ ಮನೆತನದಲ್ಲಿ ನಾನೆಲ್ಲಿ ಬರುತ್ತೇನೆ, ಹೇಳಿದ್ದು ಸುಳ್ಳೇನಲ್ಲ... ಥೂ! ನಿನ್ನ ಸಂಬಂಧ ಮುರಿಯಬಾರದೆಂದು ಹಾಗೆ ಹೇಳಿದೆ ಅಂತ ವರ್ಷಗಟ್ಟಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದೂ ಸುಳ್ಳು. ನನ್ನ ಗುಟ್ಟು ನೆಗೆಣ್ಣಿಗೆ ತಿಳಿದೀತೆಂದು ಹೆದರಿ ಹೇಳಿದೆ.

ಲೇಸರ್ ಆಯಿತು, ಚಷ್ಮಾ ಹೋಯಿತು. ಮದುವೆಯಾಗಿ ನೀನು ನಮ್ಮದೇ ಮನೆಗೆ ಬಂದೆ. ವರ್ಷ ತುಂಬುವಷ್ಟರಲ್ಲಿ ಒಂದು ದೀಪ ನಿನಗೆ ನಾಲ್ಕಾಗಿ ಕಾಣತೊಡಗಿತು. ಯಾವ ಚಷ್ಮಾವೂ ಹತ್ತಲಿಲ್ಲ. ಸತ್ತವರ ಕಣ್ಣಿನ ಪರದೆ ತಂದು ಹೊಲಿದರು, ಅದೂ ಮಸುಕಾಯಿತು. "ಮುಚ್ಚಿಟ್ಟು ಕುರುಡೀನ ನಮ್ಮ ಕೊಳ್ಳಿಗೆ ಕಟ್ಟ್ಯಾರ!" ಎಂದು ನೆಗೆಣ್ಣಿ ಅಂಗಳದಲ್ಲಿ ಚೀರಿ ನಿನ್ನನ್ನು ತವರಿಗೆ ಅಟ್ಟಿದಳು. ಮುಚ್ಚಿಟ್ಟವಳು ನಾನು, ಅಡುಗೆಮನೆಯಲ್ಲೇ ಇದ್ದೆ. ರೊಟ್ಟಿ ಬಡಿಯುತ್ತಿದ್ದೆ — ಕೈ ಕೂಡ ನಿಲ್ಲಿಸಲಿಲ್ಲ.

ಹೊರಡುವ ಮುಂಚೆ ನೀನು ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದೆ. "ಅತ್ತಿ, ನಮ್ಮಾಗ ಖರೇನ ಯಾರಿಗೂ ಇದ್ದಿದ್ದಿಲ್ಲೇನು?"

"ಇಲ್ಲವ್ವಾ," ಅಂದೆ. ಎರಡನೇ ಸಲ, ಅದೂ ನಿನಗೇ...

ಇವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿಬಿಟ್ಟೆ. ನೆಗೆಣ್ಣಿ ತಾಟು ಸರಿಸಿ ಎದ್ದಳು. ಗಂಡ ಮುಖ ತಿರುಗಿಸಿದರು. ತಿರುಗಿಸಲಿ. ನಿನಗೂ ಇಷ್ಟು ಬರೆದು ಅಂಚೆಗೆ ಹಾಕಿ ಮನೆಯಲ್ಲಿ ಕೂತುಬಿಡೋಣ ಅಂದುಕೊಂಡಿದ್ದೆ — ಹೇಡಿ ನಾನು! ನಿನ್ನಿಂದ ಓದಲಾಗುವುದಿಲ್ಲ ಎಂಬುದು ಇಲ್ಲಿಯವರೆಗೆ ಬರೆದ ಮೇಲೆ ಹೊಳೆಯಿತು. ಮುಂಜಾನೆ ಮೂಡಲಗಿಯ ಬಸ್ಸು ಹತ್ತುತ್ತೇನೆ. ನಿನ್ನೆದುರು ಕೂತು ನಾನೇ ಓದುತ್ತೇನೆ — ಒಂದಕ್ಷರ ಬಿಡದೆ.