ಬತ್ತೀನಿ ಮೇಡಂ

ನೀಲಾಂಬಿಕೆಯವರನ್ನು ಹೊಗಳುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಚನ್ನರಾಯಪಟ್ಟಣದ ಹೊರಗಿರುವ ನಮ್ಮ ಪುಟ್ಟ ಕಾಲೇಜಿನಲ್ಲಿ ಅವರು ಕನ್ನಡ ಕಲಿಸುತ್ತಾರೆ, ನಾನು ಎಕನಾಮಿಕ್ಸ್. ನನ್ನ ಹೆಸರು ಶಾಂತಿ. ಹೆಸರಿನಲ್ಲಿರುವುದು ಸ್ವಭಾವದಲ್ಲಿಲ್ಲ ಎಂಬುದು ಸ್ಟಾಫ್ ರೂಮಿಗೆಲ್ಲ ಗೊತ್ತು. ಸುಮ್ಮಸುಮ್ಮನೆ ಯಾರನ್ನೂ ಹೊಗಳುವವಳಲ್ಲ. ಆದರೆ ಅವರ ಮೇಜಿನ ಪಕ್ಕದ ಮೇಜು ನನ್ನದು, ಅವರ ಊಟದ ಡಬ್ಬಿಯ ಚಟ್ನಿಪುಡಿಯಲ್ಲಿ ಅರ್ಧ ಪಾಲು ನನ್ನದು. ಹಾಗಾಗಿ ನಾನು ಹೇಳುವುದನ್ನು ನಂಬಬಹುದು.

ನೀಲಾಂಬಿಕೆ ಅರಕಲಗೂಡಿನವರು. ತಂದೆ ಚಂದ್ರಶೇಖರಯ್ಯನವರದು ಪೇಟೆಬೀದಿಯಲ್ಲಿ ದಿನಸಿ ಅಂಗಡಿ. ಶಾಲೆ ಬಿಟ್ಟ ಕೂಡಲೇ ಈ ಹುಡುಗಿ ಅಪ್ಪನ ಪಕ್ಕದಲ್ಲಿ ಕೂತು ಬೆಲ್ಲ, ಕಡ್ಲೆಬೇಳೆ ಪೊಟ್ಟಣ ಕಟ್ಟಬೇಕು. ಕೈ ಕೆಲಸ ಮಾಡುತ್ತಿದ್ದರೂ ಕಿವಿ ಗಿರಾಕಿಗಳ ಕಡೆ ಇರಬೇಕು. "ನೀಲಾ, 'ಬತ್ತೀನಿ ಸ್ವಾಮಿ' ಅಂತ ಹೇಳಿ ಮೆಟ್ಲು ಇಳಿದವನು ನಮ್ಮ ಗಿರಾಕಿ. ಏನೂ ಹೇಳ್ದೆ ಇಳಿದ್ರೆ ಏನೋ ಬೇಜಾರಾಗಿದೆ ಅಂತ ತಿಳ್ಕೊ. ಕೂಗಿ ಕರೆದು ಕೇಳು" ಎನ್ನುತ್ತಿದ್ದರಂತೆ ಅಪ್ಪ. ನಮ್ಮ ಕಡೆ ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಸಂತೆಗೆ ಹೊರಟರೂ ಬತ್ತೀನಿ, ಮದುವೆಯಾಗಿ ಗಂಡನ ಮನೆಗೆ ಹೊರಟರೂ ಬತ್ತೀನಿ. ಹೋಗುವ ಮಾತು ಸತ್ತವರಿಗೆ, ಇಲ್ಲವೇ ಜಗಳವಾಡಿ ಸಂಬಂಧ ಹರಿದುಕೊಂಡವರಿಗೆ.

ಆ ಹುಡುಗಿ ಎಂ.ಎ. ಮಾಡಿದ್ದು, ಹಾಸನಕ್ಕೆ ಸೊಸೆಯಾಗಿ ಬಂದದ್ದು, ಇಷ್ಟು ವರ್ಷದಿಂದ ದಿನಾ ಬಸ್ಸಿನಲ್ಲಿ ನಿಂತೇ ಓಡಾಡುತ್ತಿರುವುದು, ಇಬ್ಬರು ಮಕ್ಕಳನ್ನು ದಡ ಹತ್ತಿಸಿದ್ದು, ಎಲ್ಲವೂ ನಮ್ಮ ಊರುಗಳಲ್ಲಿ ನೂರು ಜನ ಹೆಂಗಸರು ಮಾಡುವಂಥದ್ದೇ. ಅದಕ್ಕಾಗಿ ನಾನು ಬರೆಯುತ್ತಿಲ್ಲ. ಬರೆಯುತ್ತಿರುವುದು ಅವರ ಬುಧವಾರದ ಕೊನೆಯ ಪೀರಿಯಡ್ಡಿಗಾಗಿ.

ಮೊದಲ ವರ್ಷದ ಮಕ್ಕಳು ಕಾಲೇಜಿಗೆ ಹೊಂದಿಕೊಳ್ಳಲಿ ಎಂದು ಒಂದು ತರಗತಿ ನಡೆಸಬೇಕು ಎಂಬ ಸುತ್ತೋಲೆ ಬಂದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಂಬಳ ಹೆಚ್ಚಿಲ್ಲ, ಪಾಠವಿಲ್ಲ, ಪರೀಕ್ಷೆಯಿಲ್ಲ. "ನಾನು ತಗೋತೀನಿ" ಎಂದರು ನೀಲಾಂಬಿಕೆ. ವೇಳಾಪಟ್ಟಿಯಲ್ಲಿ ಅದಕ್ಕೊಂದು ಉದ್ದದ ಹೆಸರಿದೆ. ಮಕ್ಕಳ ಬಾಯಲ್ಲಿ ಅದು 'ಹೊಸಬರ ಪೀರಿಯಡ್'.

ಮೊದಲ ತಿಂಗಳು ನಮ್ಮ ಮಕ್ಕಳನ್ನು ನೋಡಬೇಕು. ಹಳ್ಳಿಯ ಹುಡುಗಿಯರು ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ದೇವಸ್ಥಾನಕ್ಕೆ ಬಂದ ಹಾಗೆ. ಇಂಟರ್ನಲ್ಸ್ ಅಂದರೇನೆಂದು ಗೊತ್ತಿರುವುದಿಲ್ಲ, ಕೇಳಲು ನಾಚಿಕೆ. ಲೈಬ್ರರಿಯಲ್ಲಿ ಪುಸ್ತಕ ಮುಟ್ಟಬಹುದೋ ಬಾರದೋ ತಿಳಿಯದೆ ಕೈ ಕಟ್ಟಿಕೊಂಡು ನಿಲ್ಲುತ್ತಾರೆ. ನೀಲಾಂಬಿಕೆ ಇದನ್ನೆಲ್ಲ ಕಲಿಸುತ್ತಿದ್ದರು. ಶೌಚಾಲಯ ಎಲ್ಲಿದೆ ಎಂಬುದರಿಂದ ಹಿಡಿದು, ಪ್ರಿನ್ಸಿಪಾಲರ ಎದುರು ನಿಂತು ಸ್ಕಾಲರ್‌ಶಿಪ್ ಬಗ್ಗೆ ಹೇಗೆ ಕೇಳಬೇಕು ಎಂಬುದರವರೆಗೆ. ಗಂಟೆ ಹೊಡೆದ ಮೇಲೆ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಪ್ರತಿಯೊಬ್ಬರೂ "ಬತ್ತೀನಿ ಮೇಡಂ" ಅಂದೇ ದಾಟಬೇಕು.

"ಏನ್ರೀ ಇದು, ಬೀಗರನ್ನ ಕಳಿಸಿಕೊಡೋ ಹಾಗೆ!" ಎಂದು ನಾನು ಗೇಲಿ ಮಾಡಿದ್ದುಂಟು.

"ನಮ್ಮಪ್ಪ ಅಂಗಡೀಲಿ ಕಲಿಸಿದ್ದು ಕಣ್ರೀ" ಎಂದು ನಗುತ್ತಿದ್ದರು.

ಹೋದ ವರ್ಷ ಆ ತರಗತಿಗೆ ಹಿರೀಸಾವೆಯಿಂದ ಅನುಶ್ರೀ ಎಂಬ ಹುಡುಗಿ ಬಂದಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲು. ಅಪ್ಪ ದೇವರಾಜು ರಾಗಿ, ತೆಂಗು ನೋಡಿಕೊಂಡಿರುವ ಬೇಸಾಯಗಾರ. ಹುಡುಗಿ ಲೆಕ್ಕದಲ್ಲಿ ಚುರುಕು, ನನ್ನ ಪಾಠದಲ್ಲಂತೂ ಮುಂದು. ಮೊದಲ ಬುಧವಾರ ಪರಿಚಯ ಹೇಳುವಾಗ "ನಮ್ದು ಇರೀಸಾವೆ" ಎಂದಳು. ಹಿಂದಿನ ಬೆಂಚಿನಲ್ಲಿ ದಿಲೀಪ್ ಎಂಬ ಹಾಸನದ ಹುಡುಗ "ಇರೀಸಾವೆ, ಇರೀಸಾವೆ" ಎಂದು ಅಣಕಿಸಿದ. ನಾಲ್ಕು ಜನ ನಕ್ಕರು. ನಗುವವರ ಮನೆಯಲ್ಲೇನು ಹಕಾರ ಹೊಳೆಯಾಗಿ ಹರಿಯುತ್ತದೆಯೇ? ನನ್ನ ಊರು ಹೊಳೆನರಸೀಪುರ, ನಮ್ಮಜ್ಜಿ ಸಾಯುವ ತನಕ ಅದನ್ನು 'ವಳೇನರ್ಸೀಪ್ರ' ಅಂದವಳೇ. ನಾನಾಗಿದ್ದರೆ ಆ ನಾಲ್ವರನ್ನೂ ಎದ್ದು ನಿಲ್ಲಿಸುತ್ತಿದ್ದೆ.

ಹುಡುಗಿ ಹಟಗಾತಿ. ಮನೆಯಲ್ಲಿ ಕೂತು ಹ, ಹಾ, ಹಿ ಎಂದು ಅಭ್ಯಾಸ ಮಾಡಿದಳು. ಮುಂದಿನ ಬುಧವಾರ ಐದು ನಿಮಿಷ ಮಾತಾಡುವ ಸರದಿ ಅವಳದು. ಎದ್ದು ನಿಂತು, ಉಸಿರು ಎಳೆದುಕೊಂಡು ಶುರು ಮಾಡಿದಳು.

"ಹೆಲ್ಲರಿಗೂ ನಮಸ್ಕಾರ. ನನ್ನ ಹೆಸರು ಹನುಶ್ರೀ."

ತರಗತಿ ಬಿದ್ದು ಬಿದ್ದು ನಕ್ಕಿತು. ಪಾಪ, ಬೇಕಾದ ಕಡೆ ಇಲ್ಲದ ಹಕಾರ ಬೇಡದ ಕಡೆಯೆಲ್ಲ ಬಂದು ಕೂತಿತ್ತು. ಸ್ವಂತ ಹೆಸರಿನ ಮೇಲೂ. ನೀಲಾಂಬಿಕೆ ನಗುವನ್ನು ಗದರಿಸಿ ನಿಲ್ಲಿಸುವ ಹೊತ್ತಿಗೆ ಹುಡುಗಿ ಕೂತುಬಿಟ್ಟಿದ್ದಳು. ಗಂಟೆ ಹೊಡೆಯಿತು. ಎಲ್ಲರೂ "ಬತ್ತೀನಿ ಮೇಡಂ" ಎನ್ನುತ್ತ ದಾಟಿದರು. ಕೊನೆಗೆ ಅನುಶ್ರೀ ಬಂದು, ಒಂದೊಂದಕ್ಷರವನ್ನೂ ಸರಿಯಾಗಿ ಉಚ್ಚರಿಸಿ ಹೇಳಿದಳು.

"ಹೋಗುತ್ತೇನೆ ಮೇಡಂ."

ಸ್ಟಾಫ್ ರೂಮಿಗೆ ಬಂದ ನೀಲಾಂಬಿಕೆಯವರ ಮುಖ ಬಾಡಿತ್ತು. ನಡೆದದ್ದು ಕೇಳಿ ನಾನು ಸಮಾಧಾನ ಹೇಳಿದೆ. "ಹಕಾರ ಸರಿಯಾದ ಜಾಗದಲ್ಲಿ ಬಂತಲ್ಲ, ಸಂತೋಷಪಡಿ."

"ಹಕಾರ ಸರಿಯಾಗಿ ಬಂತು ಶಾಂತಿ, ಮಾತು ಸರಿಯಾಗಿಲ್ಲ. ಈ ಹುಡುಗಿ ಇನ್ನು ಬರೋದಿಲ್ಲ."

ಅತಿಯಾಯಿತು ಅನ್ನಿಸಿತು ನನಗೆ. ಆದರೆ ಗುರುವಾರ ಅನುಶ್ರೀ ಬರಲಿಲ್ಲ. ಶುಕ್ರವಾರವೂ ಇಲ್ಲ, ಫೋನೂ ಎತ್ತಲಿಲ್ಲ. ಶನಿವಾರ ಪಾಠ ಮುಗಿದ ಮೇಲೆ ನೀಲಾಂಬಿಕೆ ಹಾಸನದ ಬಸ್ಸು ಬಿಟ್ಟು ಎದುರು ದಿಕ್ಕಿನ ಬಸ್ಸು ಹತ್ತಿದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹತ್ತಿದೆ.

ಹಿರೀಸಾವೆಯಲ್ಲಿ ಹೆದ್ದಾರಿ ಪಕ್ಕ ಅನುಶ್ರೀಯ ದೊಡ್ಡಮ್ಮ, ಅಂದರೆ ಅವಳ ತಾಯಿಯ ಅಕ್ಕ, ಒಂದು ಸಣ್ಣ ಹೋಟೆಲು ಇಟ್ಟುಕೊಂಡಿದ್ದಾರೆ. ಹುಡುಗಿ ಅಲ್ಲೇ ಹಿಂದುಗಡೆ ಈರುಳ್ಳಿ ಹೆಚ್ಚುತ್ತ ಕೂತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು, ಕೈಯಲ್ಲಿ ಚಾಕು ಹಾಗೇ ಇತ್ತು.

"ಸೋಮವಾರದಿಂದ ಕೆಲ್ಸಕ್ಕೆ ಗಾರ್ಮೆಂಟ್ಸ್ ಗಾಡಿ ಅತ್ತಾಳಂತೆ ಮೇಡಂ" ಎಂದರು ದೊಡ್ಡಮ್ಮ, ನಮಗೆ ಬೆಂಚು ಒರೆಸುತ್ತ. "ಕಾಲೇಜು ಕಷ್ಟ ಅಂತಾಳೆ. ಅವ್ರಪ್ಪನೂ, ಇಷ್ಟ ಇಲ್ದಿದ್ರೆ ಬುಡು ಅಂದ್ಬುಟ್ಟ. ನಂಗಂತೂ ಒಟ್ಟೆ ಉರೀತದೆ."

"ಏನು ಕಷ್ಟವಾಯ್ತಮ್ಮ?" ಎಂದರು ನೀಲಾಂಬಿಕೆ.

"ನಂಗೆ ಅ ಬರಕಿಲ್ಲ ಮೇಡಂ" ಎಂದಳು ಅನುಶ್ರೀ. ಹ ಅನ್ನಲು ಹೋಗಿ ಅ ಅಂದಿದ್ದಳು. "ಬಂದ್ರೆ ಎಲ್ಲೆಲ್ಲೋ ಬತ್ತದೆ. ನನ್ನೆಸ್ರೇ ನಂಗೆ ಏಳಾಕ್ ಬರ್ನಿಲ್ಲ."

"ಯಾವ್ದೇ ಅದು ಅ?" ಎಂದು ದೊಡ್ಡಮ್ಮ ಗದರಿದರು. "ಅದಿಲ್ದೆ ನಾನು ಇಷ್ಟ್ ವರ್ಸ ಓಟ್ಲು ನಡೆಸ್ನಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ನೀಲಾಂಬಿಕೆ ನಗಲಿಲ್ಲ. ಓದಿನ ಮಹತ್ವ, ಭವಿಷ್ಯ, ಅದೂ ಇದೂ ಒಂದೂ ಹೇಳಲಿಲ್ಲ. "ನೋಡಮ್ಮ, ಬರೋದು ಬಿಡೋದು ನಿನ್ನಿಷ್ಟ. ಆದರೆ ಬುಧವಾರ ನನಗೆ ಏನು ಹೇಳಿ ಬಂದೆ? ಅದೊಂದು ನನ್ನ ಮನಸ್ಸಿಂದ ಹೋಗ್ತಿಲ್ಲ. ಅದನ್ನ ಸರಿ ಮಾಡಿಸ್ಕೊಂಡು ಹೋಗೋಣ ಅಂತ ಬಂದೆ" ಎಂದರು.

"ಏನಂದ್ಯೇ?" ಎಂದರು ದೊಡ್ಡಮ್ಮ.

ಹುಡುಗಿ ತಲೆ ತಗ್ಗಿಸಿದಳು. "ಹೋಗ್ತೀನಿ ಅಂದೆ."

"ಅಯ್ಯೋ ಮುಂಡೇದೆ! ಪಾಠ ಏಳ್ಕೊಡೋರ್ಗೆ ಓಯ್ತೀನಿ ಅಂದ್ಬುಟ್ಟು ಬಂದ್ಯಾ? ಬಿಡ್ತು ಅನ್ನು! ಈಗ್ಲೇ ಬಿಡ್ತು ಅನ್ನು!"

"ಬಿಡ್ತು" ಎಂದಳು ಅನುಶ್ರೀ.

"ಊಂ, ಈಗ ಬತ್ತೀನಿ ಅನ್ನು."

ಹುಡುಗಿ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಹೋಟೆಲಿಗೆ ಬಂದವರು ಕಾಫಿ ಲೋಟ ಹಿಡಿದುಕೊಂಡು ನೋಡುತ್ತಿದ್ದರು. ಅವಳೇಕೆ ತಡವರಿಸುತ್ತಿದ್ದಾಳೆ ಎಂದು ನಮಗೆಲ್ಲ ಅರ್ಥವಾಗಿತ್ತು. ಆ ಮಾತನ್ನು ಆಡಿದ ಮೇಲೆ ಬರಲೇಬೇಕು. ಗಾರ್ಮೆಂಟ್ಸ್ ಗಾಡಿ ಹತ್ತುವವಳು ಬಾಯಿಮಾತಿಗೂ ಅದನ್ನು ಆಡುವಂತಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಈರುಳ್ಳಿ ನೆಪ ಹೇಳಬಹುದಿತ್ತು, ಹೇಳಲಿಲ್ಲ.

"ಬತ್ತೀನಿ ಮೇಡಂ" ಎಂದಳು.

ನೀಲಾಂಬಿಕೆ ತಟ್ಟೆಇಡ್ಲಿ ತರಿಸಿದರು. ಅಷ್ಟು ಹೊತ್ತೂ ಹಸಿವನ್ನು ಹಿಡಿದುಕೊಂಡಿದ್ದರು ಅನ್ನಿಸುತ್ತದೆ, ಎರಡು ತಿಂದರು.

ಅನುಶ್ರೀ ಬಂದಳು. ಆ ಬುಧವಾರ ನೀಲಾಂಬಿಕೆ, ನಿಮ್ಮ ನಿಮ್ಮ ಊರಿನ ಹೆಸರನ್ನು ನಿಮ್ಮಜ್ಜಿ ಹೇಳುವ ಹಾಗೆ ಹೇಳಿ ಎಂದರು. ಚೆನ್ರಾಯ್ಪಟ್ನ, ಇರೀಸಾವೆ, ಒಂದೊಂದೇ ಬಂದವು. ದಿಲೀಪನ ಸರದಿ ಬಂದಾಗ ತರಗತಿ ಉಸಿರು ಬಿಗಿಹಿಡಿಯಿತು. ಹುಡುಗ ಒಳ್ಳೆಯವನೇ. "ಆಸ್ನ ಮೇಡಂ" ಎಂದು ತಾನೇ ಮೊದಲು ನಕ್ಕ, ಸಂಜೆ ಅನುಶ್ರೀಯ ಹತ್ತಿರ ಹೋಗಿ ಸಾರಿ ಕೇಳಿದ. ಆಮೇಲೆ ಎಲ್ಲರೂ ಬಾಯಿಯ ಮುಂದೆ ಅಂಗೈ ಹಿಡಿದು ಹಕಾರದ ಉಸಿರು ತಾಗುತ್ತದೆಯೋ ಇಲ್ಲವೋ ನೋಡಿಕೊಂಡು ಕಲಿತರು. "ಹಕಾರ ಚಪ್ಪಲಿ ಇದ್ದ ಹಾಗೆ. ಕಾಲೇಜಿಗೆ ಹಾಕ್ಕೊಂಡು ಬನ್ನಿ, ಮನೆ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ" ಎಂದರಂತೆ ನೀಲಾಂಬಿಕೆ. ನನ್ನ ಪಾಠದಲ್ಲಿ ನಾನು ಇಂಥದ್ದೊಂದು ಮಾತು ಆಡಿದ್ದು ನೆನಪಿಲ್ಲ.

ಈ ವರ್ಷ ಹೊಸಬರ ಪೀರಿಯಡ್ಡಿನಲ್ಲಿ ಬಾಗಿಲ ಬಳಿ ಇಬ್ಬರು ನಿಲ್ಲುತ್ತಾರೆ. ಒಂದು ಕಡೆ ನೀಲಾಂಬಿಕೆ, ಇನ್ನೊಂದು ಕಡೆ ಎರಡನೇ ವರ್ಷದ ಅನುಶ್ರೀ. ಹೋದ ಬುಧವಾರ ನೀಲಾಂಬಿಕೆ ಮೀಟಿಂಗಿಗೆಂದು ಬೇಗ ಬಂದುಬಿಟ್ಟರು. ಬಾಗಿಲಲ್ಲಿ ಅನುಶ್ರೀ ಒಬ್ಬಳೇ. ಸ್ವಲ್ಪ ಹೊತ್ತಿಗೆ ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತೇವೆ, ಹುಡುಗಿ ದುಪಟ್ಟಾ ಗಾಳಿಗೆ ಬಿಟ್ಟು ಗೇಟಿನ ಕಡೆ ಓಡುತ್ತಿದ್ದಾಳೆ. ನುಗ್ಗೇಹಳ್ಳಿ ಕಡೆಯ ತೇಜಶ್ರೀ ಎಂಬ ಹೊಸ ಹುಡುಗಿ ಬಸ್ಸಿಗೆ ನಿಂತಿದ್ದಳು. ಇವಳು ಹೋಗಿ ಅವಳ ಬ್ಯಾಗಿನ ಪಟ್ಟಿ ಹಿಡಿದುಕೊಂಡಳು.

ನೀಲಾಂಬಿಕೆ ಎದ್ದು ಬಾಗಿಲವರೆಗೆ ಹೋದರು. ಮತ್ತೆ ಬಂದು ಕೂತರು. ಅವರ ಕಣ್ಣು ತುಂಬಿತ್ತು. ಹೆಮ್ಮೆ ಅನ್ನುವುದು ಇದಕ್ಕೇ ಇರಬೇಕು. ಒಂದು ಬಸ್ಸು ಹೋಯಿತು, ಇಬ್ಬರೂ ಮಾತಾಡುತ್ತಲೇ ಇದ್ದರು. ಎರಡನೆಯ ಬಸ್ಸು ಬಂದಾಗ ತೇಜಶ್ರೀ ಹತ್ತಿ, ಮೆಟ್ಟಿಲ ಮೇಲಿಂದ ತಿರುಗಿ ಏನೋ ಹೇಳಿದಳು.

ಅನುಶ್ರೀ ಏದುಸಿರು ಬಿಡುತ್ತ ಬಂದಳು. "ಹೋಗ್ತೀನಕ್ಕ ಅಂದ್ಬುಟ್ಲು ಮೇಡಂ. ಅದಕ್ಕೇ ಓಡ್ದೆ."

"ಈಗೇನಂದಳು?"

"ಬತ್ತೀನಿ ಅಂದ್ಲು."

ನೀಲಾಂಬಿಕೆ ಚೀಲ ಹೆಗಲಿಗೇರಿಸಿದರು, ಅವರ ಬಸ್ಸಿಗೂ ಹೊತ್ತಾಗಿತ್ತು. ಹೊರಡುವಾಗ ಅನುಶ್ರೀಯ ಎದುರು ನಿಂತು, "ಬತ್ತೀನಮ್ಮ" ಎಂದರು. ಅವಸರದಲ್ಲಿ ನನಗೆ ಹೇಳುವುದನ್ನೇ ಮರೆತುಬಿಟ್ಟರು. ಅವತ್ತೊಂದು ದಿನ ನನಗೆ ಕೋಪ ಬರಲಿಲ್ಲ.