ಬಾಲದ ಚಕ್ರದ ಬೋಲ್ಟು

ವಿಮಾನ ಇಳಿಯುವಾಗ ಸಿದ್ದರಾಜಣ್ಣ ಟೀ ಕುಡಿಯುತ್ತಿರಲಿಲ್ಲ. ಲೋಟ ಕೈಯಲ್ಲಿ, ಕಣ್ಣು ರನ್‌ವೇ ಮೇಲೆ. ಚಕ್ರ ನೆಲ ಮುಟ್ಟಿ, ಓಡಿ, ಪೂರ್ತಿ ನಿಂತ ಮೇಲೆಯೇ ಮೊದಲ ಗುಟುಕು. ಅಷ್ಟರಲ್ಲಿ ಟೀ ಆರಿ ಕೆನೆ ಕಟ್ಟಿರುತ್ತಿತ್ತು. "ಬಿಸಿ ಟೀ ಕುಡಿದು ಎಷ್ಟು ವರ್ಷ ಆಯ್ತಣ್ಣ?" ಎಂದು ರೇಗಿಸುತ್ತಿದ್ದೆವು. "ನೀವು ನೆಟ್ಟಗೆ ಇಳ್ಸಿದ್ ದಿನ ಕುಡೀತೀನಿ ಸಾ" ಎನ್ನುತ್ತಿದ್ದರು.

ಹದಿನಾರು ಎಂಬ ಹಳ್ಳಿಯಿಂದ ಮೊಪೆಡ್‌ನಲ್ಲಿ ಬರುತ್ತಿದ್ದ ಅವರು ನಮ್ಮ ವಿಮಾನ ತರಬೇತಿ ಶಾಲೆಯ ಮೆಕ್ಯಾನಿಕ್. ನಾನು ನಂಜನಗೂಡಿನ ಅಕ್ಕಿ ಗಿರಣಿ ಮಾಲೀಕರ ಮಗ, ಕಲಿಯಲು ಬಂದವನು. ಅಲ್ಲೊಂದು ಎರಡು ಸೀಟಿನ ಹಳೆಯ ವಿಮಾನವಿತ್ತು. ಅದರ ಮೂರನೆಯ ಚಕ್ರ ಬಾಲದ ಕೆಳಗೆ. ಇಳಿದ ಮೇಲೂ ಪೆಡಲ್ ತುಳಿಯುತ್ತಲೇ ಅದನ್ನು ನೇರ ಇಡಬೇಕು. ಕಾಲು ಮರೆತರೆ ಬಾಲ ಗಿರ್ರನೆ ಮುಂದಕ್ಕೆ ತಿರುಗಿಬಿಡುತ್ತದೆ. ನಿಂತ ವಿಮಾನದಲ್ಲಿ ನನ್ನನ್ನು ಕೂರಿಸಿ, ನಾನು ತುಳಿದಂತೆ ಬಾಲದ ಹಲಗೆ ಎಡಬಲ ಆಡುವುದನ್ನು ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಾ ಕೂಗುತ್ತಿದ್ದರು: "ಒಲಿಗೆ ಮಿಸೀನು ತುಳ್ದಂಗೆ ಸಾ, ಸಣ್ಣಸಣ್ಣಕೆ! ನೆಲ ಸಿಕ್ತು ಅಂತ ಕಾಲು ಸಡ್ಲ ಬಿಡ್ಬ್ಯಾಡಿ!" ಹೇಳಿಕೊಡುವುದು ಅವರ ಕೆಲಸವೇ ಅಲ್ಲ.

ಒಂದು ಬೆಳಿಗ್ಗೆ ಒಬ್ಬನೇ ಹಾರಿ, ಬಹಳ ಚೆನ್ನಾಗಿ ಇಳಿದೆ. ಆ ಜಂಬಕ್ಕೆ ಶೆಡ್ಡಿನ ಮುಂದಿದ್ದ ಗೆಳೆಯರತ್ತ ಕೈ ಬೀಸಿದೆ. ಕಾಲು ಮರೆತುಹೋಯಿತು. ವಿಮಾನ ಸುತ್ತಿ, ರೆಕ್ಕೆ ನೆಲಕ್ಕೆ ಉಜ್ಜಿ ಮುರಿಯಿತು. ಮೊದಲು ಓಡಿ ಬಂದವರು ಸಿದ್ದರಾಜಣ್ಣನೇ. "ಏಟಾಯ್ತಾ ಸಾ?" ಎಂದು ನನ್ನ ಮೊಣಕಾಲು ಮುಟ್ಟಿ ನೋಡಿದರು.

ವಿಚಾರಣೆಯಲ್ಲಿ ನಾನು, "ಬಾಲದ ಚಕ್ರ ಅಲುಗಾಡ್ತಿತ್ತು. ಬೋಲ್ಟು ಸಡಿಲ ಇತ್ತು" ಎಂದೆ. ಚಕ್ರ ಕಿತ್ತುಹೋಗಿತ್ತು, ಸುಳ್ಳು ನಿಂತುಕೊಂಡಿತು. ಗಿರಣಿ ಮಾಲೀಕರ ಮಗನ ಮಾತನ್ನು ಎಲ್ಲರೂ ನಂಬಿದರು. ಸಿದ್ದರಾಜಣ್ಣ ಒಮ್ಮೆ ನನ್ನ ಮುಖ ನೋಡಿದರು, ಅಷ್ಟೆ. ಅವರ ಕೆಲಸ ಹೋಯಿತು.

ಈಗ ನಾನು ದೊಡ್ಡ ವಿಮಾನ ಓಡಿಸುತ್ತೇನೆ. ಹೋದ ವರ್ಷ ತಿ. ನರಸೀಪುರದ ಪಂಪ್‌ಸೆಟ್ ರಿಪೇರಿ ಅಂಗಡಿಯೊಂದರಲ್ಲಿ ಅವರು ಸಿಕ್ಕಿದರು. ಟೀ ತರಿಸಿದರು, ಕುಡಿಯಲಿಲ್ಲ.

"ಅವತ್ತು ನೀವು ತುಳೀಲಿಲ್ಲ, ಬಾಲದ ಅಲ್ಗೆ ಅಲ್ಲಾಡ್ಲೇ ಇಲ್ಲ ಸಾ. ನಾನು ನೋಡ್ತಾನೇ ಇದ್ದೆ."

"ಮತ್ತೆ ಯಾಕೆ ಹೇಳಲಿಲ್ಲ ಅಣ್ಣ?"

"ನೀವೇ ಏಳ್ತೀರಿ ಅಂತ ಕಾದೆ. ಕೆಲ್ಸ ಓಗ್ಲಿ ಬುಡಿ. ಬೋಲ್ಟು ಬಿಗಿ ಇತ್ತು ಅಂತ ಒಂದ್ ಕಾಗ್ದ ಬರ್ಕೊಡಿ. ನಾಕ್ ಜನಕ್ಕೆ ತೋರುಸ್ಬೇಕು."

"ಕಳಿಸ್ತೀನಿ" ಎಂದೆ. ಬರೆದೆ ಕೂಡ. ಆದರೆ ಅದು ಯಾರ ಕೈಗಾದರೂ ಸಿಕ್ಕಿ ನನ್ನ ಲೈಸೆನ್ಸಿಗೆ ಕುತ್ತು ಬಂದರೆ ಎಂಬ ಭಯಕ್ಕೆ ಬ್ಯಾಗಿನಲ್ಲೇ ಇಟ್ಟುಕೊಂಡು ಊರೂರು ಹಾರಿದೆ. ನೆನೆದರೆ ನನಗೇ ಹೇಸಿಗೆಯಾಗುತ್ತದೆ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಅವರೂರು ಹದಿನಾರಿಗೆ ಹೋಗಿ ಅವರ ಹೆಂಡತಿಯ ಕೈಗೆ ಆ ಕಾಗದ ಕೊಟ್ಟೆ. ಆಕೆ ನಿಧಾನವಾಗಿ ಓದಿ, ಮೊದಲಿದ್ದಂತೆಯೇ ಮಡಿಸಿ ನನಗೇ ಹಿಂದಿರುಗಿಸಿದರು.

"ನಮ್ಗೆ ಇದು ಗೊತ್ತಿತ್ತು ಸಾ. ಗೊತ್ತಿಲ್ದಿರೋ ನಾಕ್ ಜನಕ್ಕೆ ಕೊಡಿ."